ಇಪ್ಪತ್ತು ವರ್ಷ ಫ್ಯಾಕ್ಟರಿ, ಈಗ ಕಾಫಿ ತೋಟದ ರೈಟರ್: ಒಗ್ಗಿಕೊಳ್ಳುವುದು ಹೇಗೆ?

ಪೀಣ್ಯ_ಟು_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಪೀಣ್ಯದಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷದ ಮೇಲೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಆರ್ಡರ್ ಕಮ್ಮಿ ಆಯಿತು ಅಂತ ಹೋದ ವರ್ಷ ನಮ್ಮ ಸೆಕ್ಷನ್ನೇ ಮುಚ್ಚಿದರು. ವಯಸ್ಸು 47. ಇನ್ನೊಂದು ಫ್ಯಾಕ್ಟರಿಗೆ ಹೋದರೆ ಇಪ್ಪತ್ತೈದರ ಹುಡುಗರನ್ನೇ ಕೇಳುತ್ತಾರೆ. ಅಷ್ಟರಲ್ಲಿ ನೆಂಟರೊಬ್ಬರ ಕಡೆಯಿಂದ ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ (ಹಾಜರಿ, ಲೆಕ್ಕ ಬರೆದು ಆಳುಗಳ ಕೆಲಸ ನೋಡಿಕೊಳ್ಳುವುದು) ಸಿಕ್ಕಿತು. ಜೂನ್‌ನಲ್ಲಿ ಸೇರಿದೆ. ನಾನು ತುಮಕೂರು ಕಡೆಯವನು, ತೋಟ ಅಂದರೆ ಗೊತ್ತಿದ್ದದ್ದು ತೆಂಗಿನ ತೋಟ ಮಾತ್ರ. ಮನೆಯವಳು, ಮಗಳು ಬೆಂಗಳೂರಲ್ಲೇ ಇದ್ದಾರೆ, ಮಗಳು ಸೆಕೆಂಡ್ ಪಿಯುಸಿ.

ಮಳೆಗಾಲ ಹೇಗೋ ಕಳೆಯಿತು. ಕೊಪ್ಪೆ ಹಾಕಿಕೊಂಡು ಓಡಾಡುವುದು, ಸಾಕ್ಸ್ ಬಿಚ್ಚಿ ಇಂಬಳ ಕೀಳುವುದು, ಮೂರು ದಿನ ಕರೆಂಟ್ ಇಲ್ಲದೆ ಇರುವುದು, ಅದೆಲ್ಲ ಅಭ್ಯಾಸ ಆಯಿತು. ಕಷ್ಟ ಶುರುವಾಗಿದ್ದು ಕೊಯ್ಲಿನಲ್ಲಿ. ಸಂಜೆ ತೂಕದ ಹೊತ್ತಿಗೆ ಚೀಲ ಸುರಿಸಿ ನೋಡಿದರೆ ಹಣ್ಣಿನ ಜೊತೆ ಹಸಿರು ಕಾಯಿ, ಎಲೆ, ಕಡ್ಡಿ. ನನಗೆ ಕೈ ಸುಮ್ಮನಿರಲಿಲ್ಲ. ಫ್ಯಾಕ್ಟರಿಯಲ್ಲಿ ಒಂದು ಪೀಸ್ ಅಳತೆ ತಪ್ಪಿದರೆ ಕೆಂಪು ಟ್ಯಾಗ್ ಹಾಕಿ ಇಡೀ ಲಾಟ್ ನಿಲ್ಲಿಸುತ್ತಿದ್ದೆ, ಮ್ಯಾನೇಜರ್ ಬಂದು ಕೇಳಿದರೂ ಬಿಡುತ್ತಿರಲಿಲ್ಲ. ಇಲ್ಲಿ "ಇದು ಬೇಡ, ಆರಿಸಿ ತನ್ನಿ" ಅಂದರೆ ಹೆಂಗಸರೆಲ್ಲ ನನ್ನ ಮುಖ ನೋಡುವುದಿಲ್ಲ, ಮೇಸ್ತ್ರಿ ಮುಖ ನೋಡುತ್ತಾರೆ. ಅವನು ಒಂದು ನಗು ನಕ್ಕು "ಸಾರ್ ಹೊಸಬ್ರು" ಅನ್ನುತ್ತಾನೆ. ಅಷ್ಟೇ, ತೂಕ ಮುಂದುವರಿಯುತ್ತದೆ. ಜಗಳ ಇಲ್ಲ, ಬೈಗುಳ ಇಲ್ಲ, ಆದರೆ ನಾನು ಅಲ್ಲಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಇದರ ಮೇಲೆ ಸಾಹುಕಾರರ ಮಗ ಬೆಂಗಳೂರಿಂದ ದಿನಾ ಸಂಜೆ ವಾಟ್ಸಾಪ್‌ನಲ್ಲಿ ಫೋಟೋ ಕೇಳುತ್ತಾರೆ.

ತೋಟದ ಕೆಲಸ ಕಲಿಯಬಹುದು, ಆ ಧೈರ್ಯ ಇದೆ. ಆದರೆ ಇಷ್ಟು ವರ್ಷ ಒಂದು ಕಡೆ ದುಡಿದು ಬಂದವನಿಗೆ ಮತ್ತೆ ಏನೂ ಗೊತ್ತಿಲ್ಲದವನ ಹಾಗೆ ನಿಲ್ಲುವುದು ಹೇಗೆ ಅಂತ ಅರ್ಥ ಆಗುತ್ತಿಲ್ಲ. ಈ ವಯಸ್ಸಲ್ಲಿ ಕೆಲಸ ಬದಲಿಸಿದವರು ಯಾರಾದರೂ ಇದ್ದರೆ ಹೇಳಿ. ಹಳೇ ಪಿಎಫ್ ದುಡ್ಡು ತೆಗೆಯಬೇಕಾ ಬಿಡಬೇಕಾ ಅದೂ ಒಂದು ಗೊಂದಲ.

ಹಳೇ_ರೈಟರ್_ಆಲ್ದೂರು

ಸಾರ್, ನಾನು ಹುಟ್ಟಿದ್ದೇ ತೋಟದ ಆಳುಗಳ ಲೈನ್ ಮನೆಯಲ್ಲಿ, ರೈಟರ್ ಕೆಲಸ ಮಾಡಿಯೇ ಮಕ್ಕಳನ್ನು ಓದಿಸಿದೆ. ನಿಮ್ಮ ಮೇಸ್ತ್ರಿ ನಕ್ಕಿದ್ದು ನಿಮ್ಮನ್ನು ಹಂಗಿಸಲಿಕ್ಕೆ ಇರಲಿಕ್ಕಿಲ್ಲ. ನೀವು ಸರಿಯಾದ ಮಾತನ್ನೇ ಆಡಿದಿರಿ, ಹೊತ್ತು ಸರಿ ಇರಲಿಲ್ಲ.

ಅರೇಬಿಕಾ ಒಂದೇ ಸಲ ಹಣ್ಣಾಗುವುದಿಲ್ಲ. ಹೂಮಳೆ ಎರಡು ಮೂರು ಸಲ ಬಿದ್ದರೆ ಹೂವೂ ಎರಡು ಮೂರು ಸಲ ಬರುತ್ತದೆ, ಹಣ್ಣೂ ಹಾಗೆಯೇ. ಅದಕ್ಕೇ ಮೊದಲು ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನು ಆರಿಸುತ್ತಾರೆ, ಆಮೇಲೆ ಹತ್ತು ಹದಿನೈದು ದಿನಕ್ಕೊಂದು ಸುತ್ತು ಬರುತ್ತಾರೆ, ಕೊನೇ ಸುತ್ತಿನಲ್ಲಿ ಗಿಡದಲ್ಲಿ ಇರುವುದನ್ನೆಲ್ಲ ಕಿತ್ತುಬಿಡುತ್ತಾರೆ. ಕೊನೇ ಸುತ್ತಿನಲ್ಲಿ ಹಸಿರು ಬಂದೇ ಬರುತ್ತದೆ, ಅದಕ್ಕೆ ಬೈದು ಪ್ರಯೋಜನ ಇಲ್ಲ. ಮೊದಲ ಸುತ್ತಿನಲ್ಲಿ ಬಂದರೆ ಮಾತ್ರ ಕೇಳಬೇಕು. ಕೇಳುವುದಾದರೂ ಬೆಳಿಗ್ಗೆ ಗಿಡದ ಹತ್ತಿರ ಕೇಳಬೇಕು. ಸಂಜೆ ತೂಕದ ಜಾಗದಲ್ಲಿ ಅಲ್ಲ. ಇಡೀ ದಿನ ಇಳಿಜಾರಿನಲ್ಲಿ ನಿಂತು ಕೊಯ್ದು, ಚೀಲ ಹೊತ್ತು ತಂದು, ಮನೆಗೆ ಹೋಗಿ ಒಲೆ ಹಚ್ಚಬೇಕು ಅಂತ ಇರುವ ಹೆಂಗಸಿಗೆ ಐದೂವರೆಗೆ "ಆರಿಸಿ ತಾ" ಅಂದರೆ ಅವಳು ಯಾರ ಮುಖ ನೋಡಬೇಕು ಹೇಳಿ. ಅದೂ ಕೆಜಿ ಲೆಕ್ಕದ ಕೂಲಿ ಆದರೆ ಕೈ ಜೋರಾಗಿ ಓಡುತ್ತದೆ, ಹಸಿರು ಜಾಸ್ತಿ ಬರುತ್ತದೆ. ಅದು ನೀವು ಸಾಹುಕಾರರ ಹತ್ತಿರ ಮಾತಾಡಬೇಕಾದ ವಿಷಯ.

ನೀವೇ ಒಂದು ಹಣ್ಣು ಬೆರಳಲ್ಲಿ ಮೆಲ್ಲಗೆ ಹಿಚುಕಿ ನೋಡಿ. ಬೀಜ ಪುಳಕ್ಕನೆ ಹೊರಗೆ ಬಂದರೆ ಕೊಯ್ಯುವ ಹದ. ಅದನ್ನು ಅವರಿಗೆ ಹೇಳಿಕೊಡಲು ಹೋಗಬೇಡಿ, ಅವರಿಗೆ ಗೊತ್ತು. ನಿಮಗೆ ಗೊತ್ತು ಅಂತ ಅವರಿಗೆ ಗೊತ್ತಾದರೆ ಸಾಕು.

ಇನ್ನು ನಿಮ್ಮ ಅಳತೆ ಬುದ್ಧಿ. ಅದು ವ್ಯರ್ಥ ಅಲ್ಲ ಸಾರ್, ಅದರ ಜಾಗ ಕಾಫಿ ಒಣಗಿಸುವ ಕಣ. ಕೊಯ್ದ ಹಣ್ಣು ಅವತ್ತೇ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್‌ಗೆ ಹೋಗುತ್ತದೋ ಇಲ್ಲವೋ ನೋಡಿ. ಹಸಿರು ಕಾಯಿ ಪಲ್ಪರ್‌ನಲ್ಲಿ ಸರಿಯಾಗಿ ಸಿಪ್ಪೆ ಬಿಡುವುದಿಲ್ಲ, ಬೀಜಕ್ಕೆ ಪೆಟ್ಟು ಬೀಳುತ್ತದೆ, ಹಾಗಾಗಿ ಅದನ್ನು ಬೇರೆ ಮಾಡಿ ಚೆರಿಯಾಗಿ, ಅಂದರೆ ಸಿಪ್ಪೆ ಸಮೇತ, ಒಣಗಿಸಲು ಒಂದಿಬ್ಬರನ್ನು ಕಣದಲ್ಲೇ ಕೂರಿಸಿ. ಪಾರ್ಚ್‌ಮೆಂಟ್ (ಪಲ್ಪರ್‌ನಲ್ಲಿ ಸಿಪ್ಪೆ ಬಿಟ್ಟ ಬೀಜ) ಒಣಗಲು ಒಳ್ಳೆ ಬಿಸಿಲಿದ್ದರೆ ವಾರ, ಹತ್ತು ದಿನ ಬೇಕು. ದಪ್ಪಗೆ ಹರವಿದರೆ ಕೆಳಗಿನದು ಬೆವರುತ್ತದೆ, ಗಂಟೆಗೊಮ್ಮೆ ಕೈಯಾಡಿಸುತ್ತಾ ಇರಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು. ಒಣಗಿದೆಯಾ ಇಲ್ಲವಾ ಅಂತ ತಿಳಿಯಲು ನಿಮ್ಮ ಸ್ಟೋರಿನಲ್ಲಿ ಫೋರ್ಲಿಟ್ ಅಂತ 40 ಲೀಟರಿನ ಅಳತೆ ಡಬ್ಬ ಇರಬೇಕು, ಕೇಳಿ. ದಿನಾ ಅದರ ತುಂಬ ತುಂಬಿ ತೂಕ ಹಾಕಿ ಬರೆದಿಡಿ. ಎರಡು ಮೂರು ದಿನ ತೂಕ ಅಲ್ಲೇ ನಿಂತರೆ ಒಣಗಿದೆ ಅಂತ. ಎಷ್ಟೋ ತೋಟದಲ್ಲಿ ಇದನ್ನು ಹಲ್ಲಲ್ಲಿ ಕಚ್ಚಿ ನೋಡಿ ಮುಗಿಸುತ್ತಾರೆ. ನೀವು ಪುಸ್ತಕದಲ್ಲಿ ಬರೆದಿಟ್ಟು, ಕ್ಯೂರಿಂಗ್‌ನಲ್ಲಿ (ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಕಡೆ) ತೇವದ ಅಂಶ ನೋಡಿದಾಗ ನಿಮ್ಮ ಲೆಕ್ಕಕ್ಕೆ ತಾಳೆ ಬಂದರೆ ಸಾಹುಕಾರರ ಮಗ ಫೋಟೋ ಕೇಳುವುದು ತಾನಾಗಿ ಕಮ್ಮಿ ಆಗುತ್ತದೆ.

ಮೇಸ್ತ್ರಿಯನ್ನು ಬೆಳಿಗ್ಗೆ ಒಂದು ಮಾತು ಕೇಳಿ: "ಇವತ್ತು ಯಾವ ಕಡೆಯಿಂದ ಹೊರಡೋಣ?" ಉತ್ತರ ನಿಮಗೆ ಗೊತ್ತಿದ್ದರೂ ಕೇಳಿ.

ಹಾಸನ_ಫೌಜಿ

ಅಣ್ಣ, ನಾನು ಮಿಲಿಟರಿಯಲ್ಲಿ ಹದಿನೇಳು ವರ್ಷ ಇದ್ದು ಪೆನ್ಷನ್ ಮೇಲೆ ಬಂದವನು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 14.5 ಮೀಸಲು ಇದೆ, ಪರೀಕ್ಷೆ ಬರೆದು ಹಾಸನ ಜಿಲ್ಲೆಯ ಒಂದು ಬ್ರ್ಯಾಂಚಿಗೆ ಬಂದೆ. ನಿಮ್ಮ ಪೋಸ್ಟ್ ಓದಿ ನನ್ನ ಮೊದಲ ವರ್ಷ ನೆನಪಾಯಿತು. ಅಲ್ಲಿ ಒಂದು ಮಾತು ಹೇಳಿದರೆ ನಾಲ್ಕು ಜನ ಓಡುತ್ತಿದ್ದರು. ಇಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ ಆಫೀಸರ್, "ಅಂಕಲ್, ಆ ಸ್ಕ್ರೀನ್ ಅಲ್ಲ, ಎಫ್5 ಒತ್ತಿ" ಅನ್ನುತ್ತಾಳೆ. ಅಂಕಲ್! ರಾತ್ರಿ ಊಟ ಸೇರುತ್ತಿರಲಿಲ್ಲ.

ಕೌಂಟರಿನಲ್ಲಿ ಒಬ್ಬ ಅಜ್ಜ ಪಾಸ್‌ಬುಕ್ ಕೊಟ್ಟು, ಹೊಗೆಸೊಪ್ಪಿನ ದುಡ್ಡು ಬಂತಾ ನೋಡು ಅಂದರೆ, ಬಂದಿಲ್ಲ ಅಂತ ಒಂದೇ ಮಾತಲ್ಲಿ ಹೇಳಿ ಮುಂದಿನವರನ್ನು ಕರೆಯುತ್ತಿದ್ದೆ. ನನಗೆ ಅದು ಶಿಸ್ತು. ಅವರಿಗೆ ಅದು ದುರಹಂಕಾರ. ಆಮೇಲೆ ನಮ್ಮ ಅಟೆಂಡರ್ ಹೇಗೆ ಮಾತಾಡುತ್ತಾನೆ ಅಂತ ನೋಡುತ್ತಾ ಕೂತೆ. ಅವನು ಮೊದಲು ಮಳೆ ಹೇಗಿದೆ ಗೌಡ್ರೇ ಅಂತ ಕೇಳಿ, ಆಮೇಲೆ ಬಂದಿಲ್ಲ ಅನ್ನುತ್ತಿದ್ದ. ಅರ್ಧ ನಿಮಿಷ ಜಾಸ್ತಿ, ಅಷ್ಟೇ. ಯಾರೂ ಕೂಗಾಡುತ್ತಿರಲಿಲ್ಲ.

ಒಂದು ಸಲಹೆ, "ನಮ್ಮ ಫ್ಯಾಕ್ಟರಿಯಲ್ಲಿ ಹೀಗಿತ್ತು" ಅನ್ನುವ ಮಾತನ್ನು ಒಂದು ವರ್ಷ ಬಾಯಿಗೆ ತರಬೇಡಿ. ನಾನು ಯೂನಿಟ್ ಕತೆ ಶುರು ಮಾಡಿದರೆ ಇಡೀ ಬ್ರ್ಯಾಂಚು ಟೀ ಕುಡಿಯಲು ಎದ್ದು ಹೋಗುತ್ತಿತ್ತು 😄

ಸಕಲೇಶಪುರ_ಬೆಳೆಗಾರ

ನಾನು ಸಂಬಳ ಕೊಡುವ ಕಡೆಯವನು, ಸ್ವಲ್ಪ ಖಾರವಾಗಿ ಹೇಳುತ್ತೇನೆ. ಹಳೇ ರೈಟರ್ ಅವರ ಮಾತು ಅರ್ಧ ಒಪ್ಪುತ್ತೇನೆ. ಕಣದ ವಿಷಯ ನೂರಕ್ಕೆ ನೂರು ಸರಿ. ಮೇಸ್ತ್ರಿಯನ್ನು ಕೇಳಿಕೊಂಡೇ ಕೆಲಸ ಮಾಡಿ ಅನ್ನುವುದು ಒಪ್ಪುವುದಿಲ್ಲ.

ಕಾಫಿ ಗೊತ್ತಿರುವ ರೈಟರ್‌ಗಳು ಈ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ಅಂಥದ್ದರಲ್ಲಿ ಕಾಫಿ ಗಿಡವನ್ನೇ ನೋಡದ ನಿಮ್ಮನ್ನು ಸಾಹುಕಾರರು ಯಾಕೆ ತೆಗೆದುಕೊಂಡರು ಅಂತ ಯೋಚನೆ ಮಾಡಿದ್ದೀರಾ? ನನ್ನ ಅಂದಾಜು, ಅವರಿಗೆ ಲೆಕ್ಕ ಸರಿ ಇಡುವ ಹೊರಗಿನವರು ಬೇಕಿತ್ತು. ನಮ್ಮ ತೋಟದಲ್ಲೇ ಆಗಿದೆ, ಬಾರದವರಿಗೆ ಹಾಜರಿ, ಬಟವಾಡೆ ದಿನ ಮಾತ್ರ ಹೆಸರು ಉದ್ದ. ನಿಮ್ಮ ಮೇಸ್ತ್ರಿ ಹಾಗೆ ಅಂತ ಹೇಳುತ್ತಿಲ್ಲ. ಆದರೆ ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿರಲಿ, ಬೆಳಿಗ್ಗೆ ಒಂದು ಸಲ, ಊಟ ಆದ ಮೇಲೆ ಒಂದು ಸಲ ನೀವೇ ತಲೆ ಎಣಿಸಿ. ಈಗ ಅಸ್ಸಾಂ ಕಡೆಯವರು, ಉತ್ತರ ಕರ್ನಾಟಕದವರು ಗುಂಪಾಗಿ ಬರುತ್ತಾರೆ, ಅರ್ಧ ಸೀಸನ್‌ಗೆ ಪಕ್ಕದ ತೋಟಕ್ಕೆ ಹೋಗಿಬಿಡುತ್ತಾರೆ. ಮುಂಗಡ ಕೊಟ್ಟದ್ದಕ್ಕೆ ಬರಹ ಇಲ್ಲದಿದ್ದರೆ ನಿಮ್ಮ ತಲೆಗೆ ಬರುತ್ತದೆ.

ಮತ್ತೆ ಸಾಹುಕಾರರ ಹತ್ತಿರ ಕೂತು ಕೇಳಿ: ಆಳುಗಳನ್ನು ಬೇಡ ಅನ್ನುವ ಅಧಿಕಾರ ನನಗಿದೆಯಾ, ತೂಕ ಕಡಿತ ಮಾಡುವುದು ಯಾರ ಮಾತು, ಮೇಸ್ತ್ರಿ ನನ್ನ ಕೆಳಗಾ ಅಥವಾ ಪಕ್ಕದಲ್ಲಾ. ಅಪ್ಪ ಒಂದು ಮಗ ಒಂದು ಹೇಳಿದರೆ ಯಾರ ಮಾತು ಕೇಳಬೇಕು, ಅದನ್ನೂ ಕೇಳಿ. ಇದು ಇತ್ಯರ್ಥ ಆಗದೆ ನೀವು ಎಷ್ಟು ನಯವಾಗಿ ಮಾತಾಡಿದರೂ ಮೇಸ್ತ್ರಿ ನಗುತ್ತಲೇ ಇರುತ್ತಾನೆ.

ಬೇಲೂರು_ಅಕೌಂಟ್ಸ್

ಪಿಎಫ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನಾನು ಹೇಳುತ್ತೇನೆ ಸರ್. ಅವಸರದಲ್ಲಿ ತೆಗೆಯಬೇಡಿ. ಯುಎಎನ್, ಅಂದರೆ ಪಿಎಫ್ ಸದಸ್ಯರ ಖಾಯಂ ನಂಬರ್, ಒಂದೇ, ಅದು ಕೆಲಸ ಬದಲಾದರೂ ಬದಲಾಗುವುದಿಲ್ಲ. ಈಗಿನ ತೋಟಕ್ಕೆ ಪಿಎಫ್ ಇದ್ದರೆ ಹಳೇ ಯುಎಎನ್ ಕೊಟ್ಟು ದುಡ್ಡು ವರ್ಗ ಮಾಡಿಸಿ, ಹೊಸ ನಂಬರ್ ಮಾಡಿಸಲು ಬಿಡಬೇಡಿ. ನಿಮ್ಮದು 10 ವರ್ಷದ ಮೇಲೆ ಸರ್ವಿಸ್ ಆಗಿರುವುದರಿಂದ ಪಿಂಚಣಿ ಭಾಗ ಒಟ್ಟಿಗೆ ಕೈಗೆ ಬರುವುದಿಲ್ಲ, 58ಕ್ಕೆ ತಿಂಗಳ ಪಿಂಚಣಿಯಾಗಿ ಬರುತ್ತದೆ. 50 ಆದ ಮೇಲೆ ಮೊದಲೇ ಬೇಕು ಅಂದರೆ ಕೊಡುತ್ತಾರೆ, ಆದರೆ 58ಕ್ಕೆ ಎಷ್ಟು ವರ್ಷ ಕಮ್ಮಿಯೋ ವರ್ಷಕ್ಕೆ ಶೇ. 4ರಂತೆ ಕಡಿತ. ತೋಟದಲ್ಲಿ ಪಿಎಫ್ ಇಲ್ಲದಿದ್ದರೆ ಸ್ಕೀಮ್ ಸರ್ಟಿಫಿಕೇಟ್ (ಪಿಂಚಣಿಗೆ ನಿಮ್ಮ ಸರ್ವಿಸ್ ದಾಖಲೆ) ತೆಗೆದಿಟ್ಟುಕೊಳ್ಳಿ. ಗ್ರಾಚ್ಯುಟಿ ಬಂತಾ? ಕೊನೆಯ ಬೇಸಿಕ್ ಮತ್ತು ಡಿಎ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ. ಕೊಟ್ಟಿದ್ದು ಅದಕ್ಕಿಂತ ಕಮ್ಮಿ ಇದ್ದರೆ ಬರಹದಲ್ಲಿ ಕೇಳಿ.

ಇನ್ನೊಂದು ಮಾತು, ಕೇಳದೆ ಹೇಳುತ್ತಿದ್ದೇನೆ. ನಮ್ಮ ಯಜಮಾನರೂ ಬೆಂಗಳೂರು ಬಿಟ್ಟು ಬಂದು ಹೀಗೇ ಇದ್ದರು, ಮನೆಗೆ ಫೋನ್ ಮಾಡಿದಾಗ ಎಲ್ಲಾ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದರು. ಇಲ್ಲಿ ಗೊತ್ತಿಲ್ಲದವರ ಹತ್ತಿರ ಇಷ್ಟು ಉದ್ದ ಬರೆದಿದ್ದೀರಿ, ಮನೆಯವರಿಗೆ ಇದರಲ್ಲಿ ಅರ್ಧವಾದರೂ ಹೇಳಿದ್ದೀರಾ? ಪಿಯುಸಿ ಪರೀಕ್ಷೆ ಮುಗಿದ ಮೇಲೆ ಇಬ್ಬರನ್ನೂ ಒಂದು ವಾರ ಕರೆಸಿಕೊಳ್ಳಿ.

ಪೀಣ್ಯ_ಟು_ಮೂಡಿಗೆರೆ

ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಹೇಳಿಲ್ಲ ಮೇಡಂ, ನೀವು ಹೇಗೆ ಕಂಡುಹಿಡಿದಿರೋ. ಗ್ರಾಚ್ಯುಟಿ ಲೆಕ್ಕ ಹಾಕಿ ನೋಡಿದೆ, ಸರಿಯಾಗೇ ಕೊಟ್ಟಿದ್ದಾರೆ.

ಫೋರ್ಲಿಟ್ ಸ್ಟೋರಿನ ಮೂಲೆಯಲ್ಲಿ ಸುಣ್ಣದ ಚೀಲದ ಹಿಂದೆ ಸಿಕ್ಕಿತು. ತೊಳೆಸಿ ತೂಕ ಶುರು ಮಾಡಿದ್ದೇನೆ. ಮೇಸ್ತ್ರಿ ಮೊದಲು ದೂರ ನಿಂತು ನೋಡಿದ. ಮೂರನೇ ದಿನ ಅವನೇ ಬಂದು, "ಸಾರ್, ಆ ಮೂಲೆದು ಜಾಸ್ತಿ ತೂಗ್ತದೆ, ಅಲ್ಲಿ ಮಧ್ಯಾಹ್ನ ಆದ್ಮೇಲೆ ಸಿಲ್ವರ್ ಮರದ ನೆರಳು ಬೀಳ್ತದೆ" ಅಂದ. ನನಗೆ ಅದು ಹೊಳೆದಿರಲಿಲ್ಲ. ಸಾಹುಕಾರರ ಹತ್ತಿರ ಅಧಿಕಾರದ ಮಾತು ಇನ್ನೂ ಆಡಿಲ್ಲ, ಭಾನುವಾರ ಬರುತ್ತಾರೆ, ಅವತ್ತು ಕೇಳುತ್ತೇನೆ.

ರೋಬಸ್ಟಾ ಕೊಯ್ಲು ಈಗ ಶುರು. ಅದು ಮುಗಿದ ಮೇಲೆ ಏನು ತಯಾರಿ ಮಾಡಬೇಕು?

ಹಳೇ_ರೈಟರ್_ಆಲ್ದೂರು

ನೀರು ಸಾರ್. ರೋಬಸ್ಟಾಕ್ಕೆ ಫೆಬ್ರವರಿ, ಮಾರ್ಚಲ್ಲಿ ಮಳೆ ಬರಲಿಲ್ಲ ಅಂದರೆ ಸ್ಪ್ರಿಂಕ್ಲರ್‌ನಲ್ಲೇ ಹೂವು ಬಿಡಿಸಬೇಕು, ಹೂವು ಬಿಟ್ಟು ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಸಲ ಕೊಡಬೇಕು. ಅರ್ಧಕ್ಕೆ ಪಂಪ್ ಕೆಟ್ಟರೆ ಮೊಗ್ಗು ಹಾಳು, ಮುಂದಿನ ವರ್ಷದ ಬೆಳೆ ಹೋಯಿತು. ಆ ಹೊತ್ತಿಗೆ ಮೂಡಿಗೆರೆಯಲ್ಲಿ ಒಬ್ಬ ಮೆಕ್ಯಾನಿಕ್ಕೂ ಕೈಗೆ ಸಿಗುವುದಿಲ್ಲ. ನೀವು ಮೆಷಿನ್ ನೋಡಿ ಬಂದವರು. ಈಗಲೇ ಪಂಪ್ ಬಿಚ್ಚಿಸಿ ಸೀಲ್, ಬೇರಿಂಗ್ ನೋಡಿ, ಪೈಪಿನ ವಾಷರ್ ಎಲ್ಲಾ ತೆಗೆಸಿ ಪರೀಕ್ಷೆ ಮಾಡಿ, ಹೋದದ್ದನ್ನೆಲ್ಲ ಪಟ್ಟಿ ಮಾಡಿ ಭಾನುವಾರವೇ ಸಾಹುಕಾರರ ಕೈಗೆ ಕೊಡಿ. ಕೆರೆಯಲ್ಲಿ ನೀರು ಎಷ್ಟಿದೆ ಅದನ್ನೂ ಬರೆಯಿರಿ.