ಮಕ್ಕಳೊಂದಿಗೆ ಹಡಗಿನ ಪ್ರವಾಸ ಮಾಡಬಹುದೇ?

ಪ್ರಶ್ನೆ, ಉಡುಪಿಯಿಂದ:
ಡಿಸೆಂಬರ್ ರಜೆಯಲ್ಲಿ ಮುಂಬಯಿಯಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ಮೂರು ರಾತ್ರಿ ಕಳೆಯಬೇಕೆಂದಿದ್ದೇವೆ. ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲೇ ವಾಂತಿ ಮಾಡಿಕೊಳ್ಳುವ 7 ವರ್ಷದ ಮಗಳನ್ನೂ ಒಂದೂವರೆ ವರ್ಷದ ಮಗನನ್ನೂ ಕರೆದೊಯ್ಯುವುದು ಸರಿಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ, ಮಂಗಳೂರಿನಿಂದ:
ಖಂಡಿತ ಕರೆದೊಯ್ಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನ ಅಬ್ಬರ ಡಿಸೆಂಬರಿನ ಅರಬ್ಬೀ ಸಮುದ್ರದಲ್ಲಿ ಇರುವುದಿಲ್ಲ. ಆದರೂ ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲೇ ಕೇಳಿ ಪಡೆಯಿರಿ. ಓಲಾಟವು ಎರಡೂ ತುದಿಗಳಲ್ಲಿ ಮತ್ತು ಮೇಲಂತಸ್ತಿನಲ್ಲಿ ಹೆಚ್ಚು. ನಮ್ಮ ಮಗನಿಗೆ ಹೊಟ್ಟೆ ತೊಳಸಿದಾಗ ಅವನನ್ನು ಡೆಕ್ಕಿಗೆ ಕರೆತಂದು, ದಿಗಂತವನ್ನೇ ನೋಡುತ್ತಾ ನಿಲ್ಲುವಂತೆ ಹೇಳಿ, ಮನೆಯಿಂದ ಒಯ್ದಿದ್ದ ಅರಳನ್ನು ಸ್ವಲ್ಪ ಸ್ವಲ್ಪವೇ ತಿನ್ನಿಸಿದೆವು. ಅರ್ಧ ಗಂಟೆಯಲ್ಲಿ ನನ್ನ ಕೈ ಹಿಡಿದು ಡಾಲ್ಫಿನ್ ಹುಡುಕತೊಡಗಿದ.

ಉತ್ತರ, ಮಣಿಪಾಲದಿಂದ:
ಒಂದು ಮಾತು ಸೇರಿಸಲೇಬೇಕು: ವಾಂತಿ ತಡೆಯುವ ಪ್ರೊಮೆಥಾಜಿನ್ ಔಷಧವನ್ನು 2 ವರ್ಷದೊಳಗಿನ ಮಗುವಿಗೆ ಕೊಡಲೇಬಾರದು, ಉಸಿರಾಟಕ್ಕೆ ಅಪಾಯವಿದೆ. ಮಗಳಿಗೂ ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಿ.

ಉತ್ತರ, ಮಲ್ಪೆಯಿಂದ:
ಟಿಕೆಟ್ ಕಾಯ್ದಿರಿಸುವ ಮೊದಲು, ಮಳೆಗಾಲ ಮುಗಿದು ದೋಣಿಗಳು ಹೊರಟ ಮೇಲೆ, ಸೇಂಟ್ ಮೇರೀಸ್ ದ್ವೀಪಕ್ಕೆ ಒಮ್ಮೆ ಹೋಗಿ ಬನ್ನಿ. ಸಣ್ಣ ದೋಣಿಯ ಓಲಾಟವನ್ನು ತಾಳಿಕೊಂಡ ಮಗುವಿಗೆ ದೊಡ್ಡ ಹಡಗು ಅಷ್ಟು ಕಷ್ಟವಾಗದು. ಲೈಫ್ ಜಾಕೆಟ್ ಮಾತ್ರ ಮಗುವಿನ ಅಳತೆಯದ್ದೇ ಇರಲಿ.