ಮರಳುಗಾಡಿನ ಸಿನಿಮಾ: ಮಾತು ಕಮ್ಮಿ ಇರೋ ಹೀರೋನ ಹೆಂಗೆ ಆರಿಸೋದು?

ಪ್ರಶ್ನೆ (ಮೈಸೂರು): ಅಕ್ಟೋಬರ್‌ನಲ್ಲಿ ಜೈಸಲ್ಮೇರ್ ಹತ್ರ ಶೂಟಿಂಗ್. ಹೀರೋಗೆ ಡೈಲಾಗ್ ಇಲ್ಲ ಅಂದ್ರೂ ಆಯ್ತು, ಬರೀ ನಡಿಗೆ. ರಂಗಾಯಣದ ಕಡೆ ನೋಡ್ಲಾ, ಜಿಮ್ ಹುಡುಗರನ್ನ ಕರೀಲಾ?

ಉತ್ತರ 1: ಜಿಮ್ ಮೈ ನಂಬ್ಬೇಡಿ ಸಾರ್. ಮರಳಲ್ಲಿ ನಡೆಯೋಕೆ ಗಟ್ಟಿ ನೆಲಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಬೇಕು. ಮೀನಖಂಡ ಬೇಗ ಸೋಲುತ್ತೆ. ತಲಕಾಡಿನ ಮರಳಲ್ಲಿ 10 ಕೆಜಿ ಚೀಲ ಹೊರಿಸಿ ಅರ್ಧ ಗಂಟೆ ನಡೆಸಿ. ಏದುಸಿರು ಇಳಿಯೋ ಮೊದ್ಲೇ 85 ಎಂಎಂ ಲೆನ್ಸಲ್ಲಿ ಕ್ಲೋಸಪ್, ಎರಡು ನಿಮಿಷ ಕಟ್ ಹೇಳ್ಬೇಡಿ. ದಣಿವನ್ನ ಮುಚ್ಚಿಡೋಕೆ ನೋಡ್ತಾನಲ್ಲ, ಅವನನ್ನ ಹಿಡ್ಕೊಳ್ಳಿ.

ಉತ್ತರ 2: ರಂಗದವರಿಗೆ ಉಸಿರಿನ ಹಿಡಿತ ಇರುತ್ತೆ. ಆದ್ರೆ ಕಡೇ ಸಾಲಿಗೂ ಕಾಣ್ಲಿ ಅಂತ ಹುಬ್ಬೆತ್ತೋ ಅಭ್ಯಾಸ ಕ್ಲೋಸಪ್‌ನಲ್ಲಿ ಅತಿಯಾಗುತ್ತೆ. ಟೆಸ್ಟ್ ಮಧ್ಯಾಹ್ನವೇ ಮಾಡಿ. ಬಿಸಿಲಿಗೆ ಕಣ್ಣು ಕಿರಿದಾದ್ರೆ ಮಾತೇ ಇಲ್ಲದ ಈ ಪಾತ್ರಕ್ಕೆ ಉಳಿಯೋದೇನು?

ಉತ್ತರ 3 (ಮಂಡ್ಯ): ಯಾರನ್ನಾದ್ರೂ ತಗಳಿ, 10 ದಿನ ಮುಂಚೆ ಅಲ್ಲಿಗೆ ಕಳ್ಸಿ. ಮೈ ಬಿಸಿಲಿಗೆ ಒಗ್ಗೋಕೆ 1–2 ವಾರ ಬೇಕು. ಬರೀ ನೀರೇ ಕುಡಿಸ್ತಿದ್ರೆ ಸೋಡಿಯಂ ಇಳಿದು ತಲೆನೋವು, ವಾಂತಿ. ಮಧ್ಯೆ ಓಆರ್‌ಎಸ್ ಕೊಡಿ, ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಮಾತು ತೊದಲಿದ್ರೆ, ಹೆಜ್ಜೆ ತಪ್ಪಿದ್ರೆ ಬಿಸಿಲಿನ ಹೊಡೆತ (ಹೀಟ್ ಸ್ಟ್ರೋಕ್) ಅಂದ್ಕೊಳ್ಳಿ; ಬೆವರ್ತಿದ್ರೂ ಸರಿ, ಶಾಟ್ ನಿಲ್ಸಿ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕ್ತಾನೇ ಆಸ್ಪತ್ರೆಗೆ ಕರ್ಕೊಂಡೋಗಿ.