ಪದಚರ್ಚೆ: ತರಗಿನ ಮೇಲೆ ಕೂರುವ ಕಂದು ಹುಳ ಚಿಟ್ಟೆಯೋ, ಪತಂಗವೋ, ಹಾತೆಯೋ?

ಪ್ರಶ್ನೆ: ಮೂಡಿಗೆರೆ, ಸಕಲೇಶಪುರದ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಕಾಫಿ ತೋಟದ ತರಗಿನ ಮೇಲೆ ಕೂತಿದ್ದು, ಮುಸ್ಸಂಜೆಗೆ ಎದ್ದು ಹಾರುವ ಕಂದು ಹುಳವೊಂದಿದೆ. ಜಗಲಿಯ ದೀಪಕ್ಕೂ ಬರುತ್ತದೆ. ತೋಟದವರು 'ಹಾತೆ' ಅನ್ನುತ್ತಾರೆ. ಮಕ್ಕಳ ಬೇಸಿಗೆ ಶಿಬಿರಕ್ಕೆ ಮಾಡುತ್ತಿರುವ ಪಟ್ಟಿಯಲ್ಲಿ ಒಬ್ಬರು 'ಪತಂಗ' ಎಂದು ಬರೆದರು, ಮತ್ತೊಬ್ಬರು 'ತರಗೆಲೆ ಚಿಟ್ಟೆ' ಎಂದು ತಿದ್ದಿದರು. ನಮ್ಮಲ್ಲಿರುವ ಚಿತ್ರದಲ್ಲಿ ಮಡಚಿದ ರೆಕ್ಕೆಯ ಹೊರಮೈ ಮಾತ್ರ ಕಾಣುತ್ತದೆ, ಕಣ್ಣಿನಂಥ ಚುಕ್ಕೆಗಳಿಲ್ಲ. ಯಾವ ಹೆಸರು ಉಳಿಸೋಣ?

ಉತ್ತರ: ಅದು ಚಿಟ್ಟೆ. ವಿವರ ನೋಡಿದರೆ ಮೆಲಾನಿಟಿಸ್ ಕುಲದ್ದು, ಬಹುಮಟ್ಟಿಗೆ ಮೆಲಾನಿಟಿಸ್ ಲೀಡಾ, ಅಂದರೆ ಕಾಮನ್ ಈವ್ನಿಂಗ್ ಬ್ರೌನ್.

ಹಾಗೆಂದು ಹಾತೆ ಅಂದವರನ್ನು ತಿದ್ದಲು ಹೋಗಬೇಡಿ. ದೀಪಕ್ಕೆ ಮುತ್ತುವ ರೆಕ್ಕೆಹುಳಗಳಿಗೆಲ್ಲ ಸಲ್ಲುವ ಮಾತದು, ಈ ಚಿಟ್ಟೆ ದೀಪಕ್ಕೆ ಬರುವುದೂ ನಿಜ. ಪತಂಗದ ಕಥೆ ಬೇರೆ. ಸಂಸ್ಕೃತದಲ್ಲಿ ಹಕ್ಕಿಗೂ ಸೂರ್ಯನಿಗೂ ಇದ್ದ ಆ ಪದವನ್ನು ಈಗಿನ ವಿಜ್ಞಾನ ಬರಹ 'ಮಾತ್' ಗುಂಪಿಗೆ ಮೀಸಲಿಟ್ಟಿದೆ. ಆದ್ದರಿಂದ ಅಚ್ಚಾಗುವ ಪಟ್ಟಿಯಲ್ಲಿ ಇದನ್ನು ಪತಂಗ ಅಂದರೆ ತಪ್ಪೇ. ಮಾತಿನಲ್ಲಿ ಈ ಗೆರೆ ಅಷ್ಟು ಬಿಗಿಯಾಗಿಲ್ಲ: ರೇಷ್ಮೆ ಸಾಕುವವರು ಗೂಡಿನಿಂದ ಹೊರಬರುವ ಪತಂಗವನ್ನೂ ಚಿಟ್ಟೆ ಅನ್ನುತ್ತಾರೆ. ಮಲೆನಾಡಿನ ಮನೆಗಳಲ್ಲಂತೂ ಜಗಲಿಯ ಕಟ್ಟೆಯೂ ಚಿಟ್ಟೆಯೇ!

ಗುರುತಿಸುವಾಗ ಎಡವುವುದು ಎರಡು ಕಡೆ. ಮೀಸೆಯ ತುದಿಯಲ್ಲಿ ಗುಂಡು ಇದ್ದರೆ ಚಿಟ್ಟೆ ಎಂಬ ಶಾಲೆಯ ಪಾಠ ಇಲ್ಲಿ ಸಲೀಸಾಗಿ ನಡೆಯುವುದಿಲ್ಲ. ಇದರ ಮೀಸೆ ತುದಿಯತ್ತ ಸಣ್ಣಗೆ ದಪ್ಪಗಾಗುತ್ತದೆ, ಅಷ್ಟೆ. ಗುಂಡು ಎದ್ದು ಕಾಣದಿದ್ದರೂ, ಹಲವು ಪತಂಗಗಳ ಮೀಸೆಯಲ್ಲಿರುವಂಥ ಬಾಚಣಿಗೆಯ ಹಲ್ಲುಗಳು ಇಲ್ಲವೇ ಇಲ್ಲ ಎಂಬುದನ್ನು ನೋಡಿಕೊಳ್ಳಿ. ಜೊತೆಗೆ ರೆಕ್ಕೆ ಬೆನ್ನಿನ ಮೇಲೆ ನೇರವಾಗಿ ಮಡಚಿರಬೇಕು.

ಇನ್ನೊಂದು, ಕಣ್ಚುಕ್ಕೆ. ಪುಸ್ತಕದ ಚಿತ್ರಗಳಲ್ಲಿ ರೆಕ್ಕೆಯ ಹೊರಮೈಯಲ್ಲಿ ಸಾಲಾಗಿ ಉಂಗುರಗಣ್ಣುಗಳಿರುತ್ತವೆ. ಅದು ಮಳೆಗಾಲದ ರೂಪ. ಒಣಗಾಲದ ರೂಪದಲ್ಲಿ ಅವು ಬರಿ ಚುಕ್ಕೆಯಾಗುತ್ತವೆ ಅಥವಾ ಮಾಯವಾಗುತ್ತವೆ, ಮುಂರೆಕ್ಕೆಯ ತುದಿ ಇನ್ನಷ್ಟು ಚೂಪಾಗುತ್ತದೆ. ಬಣ್ಣವಂತೂ ಒಂದರಂತೆ ಒಂದಿಲ್ಲ; ಬೂದು, ಕೆಂಗಂದು, ಮಚ್ಚೆಯಿರುವುದು ಎಲ್ಲವೂ ಒಂದೇ ತೋಟದಲ್ಲಿ ಸಿಗುತ್ತವೆ. ಇದೇ ಚಿಟ್ಟೆ ವೇಷ ಬದಲಿಸುತ್ತದೆ ಎಂದು ಬರೆಯಬೇಡಿ. ಹುಳುವಾಗಿದ್ದಾಗ ಸಿಕ್ಕ ಬಿಸಿ ಮತ್ತು ತಂಪಿನ ಮೇಲೆ ರೂಪ ತೀರ್ಮಾನವಾಗುತ್ತದೆ, ರೆಕ್ಕೆ ಬಂದ ಮೇಲೆ ಬದಲಾಗುವುದಿಲ್ಲ. ಹಸಿರು ದಟ್ಟವಾಗಿರುವಾಗ ಅಂಚಿನ ಕಣ್ಣುಗಳು ಹಕ್ಕಿಯ ಕೊಕ್ಕನ್ನು ಮೈಯಿಂದ ರೆಕ್ಕೆಯಂಚಿಗೆ ತಿರುಗಿಸುತ್ತವೆ. ಒಣ ತರಗಿನಲ್ಲಿ ಕಣ್ಣೇ ಕೂತ ಜಾಗ ತೋರಿಸಿಕೊಡುತ್ತದೆ, ಅಲ್ಲಿ ಇಲ್ಲದಿರುವುದೇ ಕ್ಷೇಮ. ಕಾಲ ಬದಲಾಗುವ ಹೊತ್ತಿಗೆ ನಡುವಣ ರೂಪಗಳೂ ಕಾಣುತ್ತವೆ.

ಎರಡೂ ಕಾಲಕ್ಕೆ ಉಳಿಯುವ ಗುರುತು ಒಳಮೈಯಲ್ಲಿದೆ: ಮುಂರೆಕ್ಕೆಯ ತುದಿಯ ಬಳಿ ಕಪ್ಪು ಮಚ್ಚೆ, ಅದರೊಳಗೆ ಎರಡು ಬಿಳಿ ಚುಕ್ಕೆ, ಪಕ್ಕದಲ್ಲಿ ಕಿತ್ತಳೆ ಬಣ್ಣ. ಕೂತಾಗ ಇದು ಮುಚ್ಚಿರುತ್ತದೆ. ಅದನ್ನು ನೋಡಬೇಕಾದರೆ ಕಳಿತ ಹಲಸಿನ ತೊಳೆ ಅಥವಾ ಬಾಳೆಹಣ್ಣನ್ನು ತಟ್ಟೆಯಲ್ಲಿ ತೋಟದ ನೆರಳಿನ ಅಂಚಿನಲ್ಲಿಡಿ. ಈ ಚಿಟ್ಟೆ ಹೂವಿಗಿಂತ ಕೊಳೆತ ಹಣ್ಣಿಗೇ ಹೆಚ್ಚು ಬರುತ್ತದೆ. ತಟ್ಟೆಯನ್ನು ನೀರಿನ ಬೋಗುಣಿಯ ನಡುವೆ ಎತ್ತರದಲ್ಲಿಡದಿದ್ದರೆ ಇರುವೆ ಮುತ್ತಿಕೊಳ್ಳುತ್ತದೆ. ನೆಲದ ಮಟ್ಟಕ್ಕೆ ಬಗ್ಗಿ, ಪಕ್ಕದಿಂದ ಒಂದು ಚಿತ್ರ ತೆಗೆಯಿರಿ. ಆಮೇಲೆ ಕ್ಯಾಮೆರಾದ ಸಾಲುಚಿತ್ರದ (ಬರ್ಸ್ಟ್) ಗುಂಡಿ ಒತ್ತಿ ಹಿಡಿದು, ಅದು ಏಳುವಾಗ ಒಳಮೈ ಸಿಕ್ಕೀತೇ ನೋಡಿ. ಸಿಗದಿದ್ದರೆ ಪಟ್ಟಿಯಲ್ಲಿ 'ಮೆಲಾನಿಟಿಸ್' ಎಂದಷ್ಟೇ ನಿಲ್ಲಿಸಿ. ಇದೇ ಘಟ್ಟದಲ್ಲಿ ಅದೇ ಕುಲದ ಡಾರ್ಕ್ ಈವ್ನಿಂಗ್ ಬ್ರೌನ್ ಕೂಡ ಇದೆ, ಬರಿ ಹೊರಮೈ ನೋಡಿ ಒಣಗಾಲದ ರೂಪಗಳನ್ನು ಬೇರ್ಪಡಿಸುವುದು ಕಷ್ಟ.

'ತರಗೆಲೆ ಚಿಟ್ಟೆ' ಕೇಳಲು ಚೆನ್ನ, ಆದರೆ ಬೇಡ. ಬ್ಲೂ ಓಕ್‌ಲೀಫ್ ಎಂಬ ಇನ್ನೊಂದು ಚಿಟ್ಟೆ ನಮ್ಮ ಘಟ್ಟದಲ್ಲೇ ಇದೆ. ಅದರ ಮಡಚಿದ ರೆಕ್ಕೆಯ ಮೇಲೆ ಎಲೆಯ ನಡುನರದಂಥ ಗೆರೆ ತುದಿಯಿಂದ ಬಾಲದವರೆಗೆ ಓಡುತ್ತದೆ, ಬಿಚ್ಚಿದರೆ ಒಳಗೆ ನೀಲಿ. ಆ ಹೆಸರಿಗೆ ಅದೇ ತಕ್ಕದ್ದು. ಇದಕ್ಕೆ 'ಮುಸ್ಸಂಜೆ ಚಿಟ್ಟೆ' ಅನ್ನಬಹುದು, ಕಾಲ ಯಾವುದಾದರೂ ಹೊಂದುತ್ತದೆ.

ಮತ್ತೊಬ್ಬರ ಮಾತು: 'ಮುಸ್ಸಂಜೆ ಚಿಟ್ಟೆ' ಒಪ್ಪಿಗೆ. ಪಕ್ಕದಲ್ಲಿ 'ಊರಿನ ಹೆಸರು: ಹಾತೆ' ಎಂಬ ಅಂಕಣವಿರಲಿ. ಇದರ ಮರಿಯನ್ನು ಮಾತ್ರ ಕಂಬಳಿಹುಳು ಅನ್ನಬೇಡಿ. ಆ ಹೆಸರು, ಮೈಗೆ ಸೋಕಿದರೆ ತುರಿಸುವ ಕೂದಲುಹುಳಕ್ಕೆ ಇರಲಿ. ಇದು ಹುಲ್ಲು ಮತ್ತು ಭತ್ತದ ಗರಿ ತಿನ್ನುವ ಹಸಿರು ಹುಳ, ತಲೆಯ ಮೇಲೆ ಎರಡು ಕೊಂಬು, ಬಾಲ ಕವಲು. 'ಕೊಂಬಿನ ಹುಳ' ಅಂದರೆ ಗದ್ದೆಯವರಿಗೆ ಅರ್ಥವಾಗುತ್ತದೆ. ಅದು ಗೂಡು ಕಟ್ಟುವುದಿಲ್ಲ, ಎಲೆಯಿಂದ ತಲೆಕೆಳಗಾಗಿ ನೇತಾಡುವ ನುಣುಪಾದ ಹಸಿರು ಕೋಶವಾಗುತ್ತದೆ. ಹಾಗಾಗಿ ಪಟ್ಟಿಯಲ್ಲಿ 'ಗೂಡು' ಅಲ್ಲ, 'ಕೋಶ' ಎಂದೇ ಬರೆಯಿರಿ.